ಕಾವಿ ಸರ್ ಅಗೆಯದ ಹೊಂಡ

ಎಲೆಅಡಿಕೆ ಹಾಕಿ ಬಾಯಿ ಕೆಂಪು ಮಾಡಿಕೊಂಡು ಸ್ಟಾಫ್ ರೂಮಿಗೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ, "ಯಾಕೆ ಕೆಂಪು?" ಎಂದು ಕೇಳುವವರು ನಮ್ಮ ಕಾಲೇಜಿನಲ್ಲಿ ಒಬ್ಬರೇ ಇದ್ದರು. ತಮಾಷೆ ಇರಬೇಕೆಂದು ಹೊಸಬರು ನಗುತ್ತಿದ್ದರು. ಕೇಳಿದವರು ಮಾತ್ರ ನಗುತ್ತಿರಲಿಲ್ಲ. ಕನ್ನಡ ಪಂಡಿತರು ಒಮ್ಮೆ ರೇಗಿಬಿಟ್ಟರು. "ಸುಣ್ಣ, ಅಡಿಕೆ ಸೇರಿದರೆ ಕೆಂಪಾಗ್ತದೆ ಮಾರಾಯ್ರೇ. ಅದಕ್ಕೆ ನಾನೇನು ಮಾಡಲಿ?"

"ಆಗ್ತದೆ, ಅದು ಗೊತ್ತುಂಟು. ಆದರೆ ಆದ ಮೇಲೆ ನೀವು ಕನ್ನಡಿಯಲ್ಲಿ ನೋಡಿಕೊಂಡು ಬಂದಿದ್ದೀರಿ. ಅದು ಯಾಕೆ?"

ಪಂಡಿತರು ನಿಜವಾಗಿಯೂ ನೋಡಿಕೊಂಡು ಬಂದಿದ್ದರು. ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಬಂದರು.

ಹೆಸರು ಬರೆಯುವುದಿಲ್ಲ. ಬರೆದರೂ ಹಳೆಯ ವಿದ್ಯಾರ್ಥಿಗಳಿಗೆ ಗುರುತು ಸಿಗಲಿಕ್ಕಿಲ್ಲ. ಅವರಿಗೆಲ್ಲ ಅವರು ಕಾವಿ ಸರ್. ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಮೂಡುಬಿದಿರೆಯ ಆ ಕಾಲೇಜಿಗೆ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರಾಗಿ ಸೇರಿದಾಗ ಅವರು ಆ ವಿಭಾಗದ ಲೆಕ್ಚರರ್. ಬಂಟ್ವಾಳ ಪೇಟೆಯಲ್ಲಿ ಹಗ್ಗ, ಗೋಣಿ, ಬೆಲ್ಲದ ವ್ಯಾಪಾರ ಮಾಡುವ ಬ್ಯಾರಿ ಮುಸ್ಲಿಮರ ಮನೆಯ ಕಿರಿಯ ಮಗ. ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಬಿಳಿ ಅರ್ಧ ತೋಳಿನ ಅಂಗಿ, ಅದರ ಜೇಬಿನ ಮೂಲೆಯಲ್ಲಿ ಯಾವಾಗಲೂ ಒಂದು ಕೆಂಪು ಕಲೆ. ಶಾಯಿಯದಲ್ಲ, ಕಾವಿಕಲ್ಲಿನದು. ದಾರಿಯಲ್ಲಿ ಕೆಂಪಗಿನ ಕಲ್ಲು ಕಂಡರೆ ಎತ್ತಿ ಜೇಬಿಗೆ ಹಾಕುವುದು, ಪ್ರಯೋಗಾಲಯದ ಗೋಡೆಗೆ ತಿಕ್ಕಿ ಬಣ್ಣ ನೋಡುವುದು. ಬಾಗಿಲ ಪಕ್ಕದ ಗೋಡೆ ಅಂಗನವಾಡಿಯ ಗೋಡೆಯ ಹಾಗೆ ಆಗಿತ್ತು. ಅಟೆಂಡರ್ ಬೈದುಕೊಂಡು ಸುಣ್ಣ ಬಳಿಯುತ್ತಿದ್ದ, ಇವರು ಮರುವಾರ ಮತ್ತೆ ಗೀಚುತ್ತಿದ್ದರು.

ಅವರನ್ನು ಕಾಡುತ್ತಿದ್ದದ್ದು ಒಂದೇ ಪ್ರಶ್ನೆ. ಮನುಷ್ಯ ಮನುಷ್ಯನಾದದ್ದು ಯಾವಾಗ? ಎರಡು ಕಾಲಲ್ಲಿ ನಿಂತಾಗ ಎಂದು ಪಾಠಪುಸ್ತಕದಲ್ಲಿತ್ತು. ಅವರು ಒಪ್ಪುತ್ತಿರಲಿಲ್ಲ. ಕಲ್ಲು ಒಡೆದು ಆಯುಧ ಮಾಡಿದಾಗ ಎಂದರೂ ಒಪ್ಪುತ್ತಿರಲಿಲ್ಲ. "ಕಲ್ಲು ಒಡೆಯಲಿಕ್ಕೆ ಹಸಿವು ಸಾಕು. ಎದುರಿಗೆ ಇಲ್ಲದ್ದನ್ನು ಉಂಟು ಅಂತ ಒಬ್ಬ ಹೇಳುವುದು, ಇನ್ನೊಬ್ಬ ಹೌದು ಅಂತ ಒಪ್ಪುವುದು, ಅದಕ್ಕೆ ಹಸಿವು ಸಾಲುವುದಿಲ್ಲ" ಎನ್ನುತ್ತಿದ್ದರು.

ಈ ಪಾಠವನ್ನು ಅವರು ನನಗೆ ಮಾಡಿದ್ದು ಅವರ ಅಣ್ಣನ ಅಂಗಡಿಯಲ್ಲಿ. ಬಂಟ್ವಾಳದಲ್ಲಿ ನೇತ್ರಾವತಿ ಏರಿದರೆ ಪೇಟೆಯೊಳಗೇ ದೋಣಿ ಬರುತ್ತದೆ. ಅಂಗಡಿಯ ಒಳಗೋಡೆಯಲ್ಲಿ, ನನ್ನ ತಲೆಗಿಂತ ಎತ್ತರದಲ್ಲಿ, ಕಾವಿಯಲ್ಲಿ ಎಳೆದ ಒಂದು ಅಡ್ಡಗೆರೆ ಇತ್ತು. ದೊಡ್ಡ ನೆರೆಯ ಸಲ ನೀರು ನಿಂತ ಮಟ್ಟ ಅದು; ತೀರಿಹೋದ ಅವರ ಅಪ್ಪ ಎಳೆದದ್ದು. ನಾನು ಹೋದದ್ದು ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ. ಹೊಳೆಯಲ್ಲಿ ಬಂಡೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ಟೀಚರ್, ಅಲ್ಲಿ ನೋಡಿ. ಏನು ಕಾಣ್ತದೆ?"

"ಗೆರೆ."

"ಸರಿ ನೋಡಿ."

"ನೀರು ಅಷ್ಟು ಬಂದಿತ್ತು ಅಂತ."

"ನೀರು ಎಲ್ಲುಂಟು? ಕುಡಿಯಲಿಕ್ಕೆ ಒಂದು ಚೆಂಬು ಬೇಕಾದರೂ ಒಳಗಿಂದ ತರಬೇಕು. ನೀರಿಲ್ಲ, ಗೆರೆ ಎಳೆದ ಅಪ್ಪನೂ ಇಲ್ಲ. ಆದರೆ ನಿಮಗೆ ನೀರು ಕಂಡಿತು! ಇದು ಯಾವ ಮಂಗನಿಗೂ ಆಗುವುದಿಲ್ಲ. ಇದು ಮೊದಲು ಆದದ್ದು ಯಾವಾಗ? ಅಷ್ಟೇ ನನಗೆ ಬೇಕಾದದ್ದು."

ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಅಣ್ಣ ತಲೆ ಎತ್ತದೆಯೇ ಹೇಳಿದರು, "ಅಷ್ಟೇ ಅಂತೆ! ಚಪ್ಪಲಿ ಎಲ್ಲಿ ಬಿಟ್ಟೆ ಅಂತ ಗೊತ್ತಿರುವುದಿಲ್ಲ ಟೀಚರೇ ಇವನಿಗೆ. ಲಕ್ಷ ವರ್ಷದ ಹಿಂದಿನವರ ಸುದ್ದಿ ಬೇಕು."

ಆ ಅಣ್ಣನಿಗೆ ತಮ್ಮನ ಮೇಲೆ ಪ್ರಾಣ. ಹೆದರಿಕೆಯೂ ಇತ್ತು. ಕಾಲೇಜಿನಲ್ಲಿ ಇವರು ಮಂಗನಿಂದ ಮನುಷ್ಯ ಎಂದು ಕಲಿಸುತ್ತಾರೆಂದು ಪೇಟೆಯಲ್ಲಿ ಯಾರೋ ಗುಸುಗುಸು ಹಬ್ಬಿಸಿದ್ದರು. "ಕೇಳಿದವರಿಗೆ ನಾನು ಏನು ಹೇಳುವುದು?" ಎಂದು ಅಣ್ಣ ಕೇಳಿದಾಗ ಸರ್ ಹೇಳಿದ್ದನ್ನು ನಾನೇ ಕೇಳಿದ್ದೇನೆ. "ಮನುಷ್ಯನನ್ನು ಮಣ್ಣಿನಿಂದ ಮಾಡಿದ್ದು ಅಂತ ನಮ್ಮಲ್ಲಿ ಉಂಟಲ್ಲ. ನನ್ನ ತಮ್ಮ ಆ ಮಣ್ಣನ್ನು ಹುಡುಕ್ತಾ ಇದ್ದಾನೆ ಅಂತ ಹೇಳಿ." ಅಣ್ಣ, "ಹೇಳಬಹುದು" ಎಂದರು. ಆಮೇಲೆ ಆ ಮಾತು ಅವರ ಬಾಯಲ್ಲಿ ಎಷ್ಟು ಸಲ ಬಂತೋ, ಕೊನೆಗೆ ತನ್ನದೇ ಮಾತು ಎಂಬಂತೆ ಹೇಳುತ್ತಿದ್ದರು.

ಸರಿ, ಕೆಂಪು ಯಾಕೆ? ತುಂಬ ಹಳೆಯ ಕಾಲದ ಗುಹೆಗಳಲ್ಲಿ, ಬೂದಿಯ ಒಟ್ಟಿಗೆ, ಎಲುಬಿನ ಒಟ್ಟಿಗೆ ತಿಕ್ಕಿ ಸವೆದ ಕಾವಿಕಲ್ಲು ಸಿಗುತ್ತದಂತೆ. ಅದರಲ್ಲೇನು, ಚರ್ಮ ಹದ ಮಾಡಲಿಕ್ಕೆ ಇರಬಹುದು, ಸೊಳ್ಳೆ ಕಚ್ಚದ ಹಾಗೆ ಮೈಗೆ ಬಳಿದುಕೊಂಡಿರಬಹುದು ಎಂದು ವಾದಿಸುವವರಿದ್ದರು. ಕಾವಿ ಸರ್ ಪಟ್ಟು ಬಿಡುತ್ತಿರಲಿಲ್ಲ. "ಸೊಳ್ಳೆಗೆ ಹಳದಿ ಮಣ್ಣೂ ಆಗ್ತದೆ, ಕಂದು ಮಣ್ಣೂ ಆಗ್ತದೆ. ಮನೆ ಬಾಗಿಲಲ್ಲಿ ಹಳದಿ ಬಿದ್ದಿರುವಾಗ ಎಲ್ಲಿಂದಲೋ ಹೊತ್ತುಕೊಂಡು ಕೆಂಪನ್ನೇ ತಂದಿದ್ದಾರೆ ಅಂದರೆ ಅದು ಸೊಳ್ಳೆಗಲ್ಲ, ಇನ್ನೊಬ್ಬರು ನೋಡಲಿಕ್ಕೆ."

ಅವರ ಹೆಂಡತಿಯ ತವರು ಬೆಳ್ತಂಗಡಿ. ಅಲ್ಲಿಗೆ ಹೋದಾಗಲೆಲ್ಲ ಸಂತೆಯಲ್ಲಿ ಬಳೆಗಾರನ ಎದುರು ಕುಕ್ಕುರುಗಾಲಿನಲ್ಲಿ ಕೂತು, ಯಾವ ಬಣ್ಣ ಮೊದಲು ಖಾಲಿಯಾಗುತ್ತದೆಂದು ನೋಡುತ್ತಿದ್ದರಂತೆ. ಹೆಂಗಸರು ಬಳೆ ಇಡಿಸಿಕೊಳ್ಳುವಲ್ಲಿ ಒಬ್ಬ ಗಂಡಸು ಕೂತರೆ ವ್ಯಾಪಾರ ಆಗುತ್ತದಾ? ಬಳೆಗಾರ ಕೊನೆಗೆ, "ಸಾಹೇಬ್ರೇ, ಕೆಂಪೇ ಮೊದಲು ಹೋಗುವುದು, ನಾನೇ ಹೇಳ್ತೇನೆ. ನೀವು ಏಳಿ" ಎಂದು ಕೈ ಮುಗಿದನಂತೆ. ಇದನ್ನು ಅವರೇ ನಗುತ್ತಾ ಹೇಳಿದ್ದು. ಹೆಂಡತಿ ಆ ಮೇಲೆ ಅವರನ್ನು ಸಂತೆಗೆ ಕರೆದುಕೊಂಡು ಹೋಗಲಿಲ್ಲ.

ಅವರ ಊಹೆ ಅಲ್ಲಿಂದ ಮುಂದಕ್ಕೆ ಹೋಗುವಾಗ ಕ್ಲಾಸಿನಲ್ಲಿ ಹುಡುಗರು ತಲೆ ತಗ್ಗಿಸುತ್ತಿದ್ದರು. ಕೆಂಪು ಎಂದರೆ ರಕ್ತ. ಬೇಟೆಯ ರಕ್ತವಲ್ಲ, ಹೆಂಗಸಿನ ಮುಟ್ಟಿನ ರಕ್ತ. ಯಾವುದೋ ಕಾಲದಲ್ಲಿ ಹೆಂಗಸರೆಲ್ಲ ಒಟ್ಟಾಗಿ ಮೈಗೆ ಕೆಂಪು ಬಳಿದುಕೊಂಡು, ಈಗ ನಮ್ಮ ಹತ್ತಿರ ಬರಬೇಡಿ, ಬೇಟೆಗೆ ಹೋಗಿ ಎಂದಿರಬೇಕು. ಎಲ್ಲರೂ ನಿಜಕ್ಕೂ ಮುಟ್ಟಾದವರಲ್ಲ. ಅದು ಗಂಡಸರಿಗೂ ಗೊತ್ತು. ಆದರೂ ಒಪ್ಪಿದರು. ಆ ಒಪ್ಪಿಗೆಯೇ ಮೊದಲ ಕಟ್ಟಳೆ, ಮೊದಲ ಹಬ್ಬ, ಮೊದಲ ಮಾತು. ಅದರ ಒಂದು ಚೂರು ನಮ್ಮಲ್ಲಿ ಇನ್ನೂ ಉಳಿದಿದೆ, ಅದೇ ಕೆಡ್ಡಸ ಎಂದು ಅವರು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತಿದ್ದರು.

ತುಳುನಾಡಿನ ಹೊರಗಿನವರಿಗೆ ಒಂದು ಮಾತು ಹೇಳಬೇಕು. ಫೆಬ್ರವರಿಯ ಎರಡನೇ ವಾರದ ಹೊತ್ತಿಗೆ ಬರುವ ಕೆಡ್ಡಸದ ಮೂರು ದಿನ ಭೂಮಿಗೆ ಮುಟ್ಟು. ಆ ದಿನಗಳಲ್ಲಿ ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ, ಹಸಿ ಗಿಡ ಕಡಿಯುವಂತಿಲ್ಲ. ಗಂಡಸರು ಹಿಂದೆಲ್ಲ ಬೇಟೆಗೆ ಹೋಗುತ್ತಿದ್ದರು. ಕೊನೆಯ ದಿನ ಹೆಂಗಸರು ಅಂಗಳದ ಒಂದು ಕಡೆ ಗುಡಿಸಿ ಸಾರಿಸಿ, ಅರಸಿನ, ಕುಂಕುಮ, ಸೀಗೆ, ಬಾಚಣಿಗೆ ಇಟ್ಟು, ನೆಲಕ್ಕೆ ಎಣ್ಣೆ ಬಿಡುತ್ತಾರೆ. ಭೂಮಿ ಮಿಂದು ಏಳುತ್ತಾಳೆ. ಹುರಿದ ಅಕ್ಕಿಯ ಹುಡಿಗೆ ಬೆಲ್ಲ, ಕಾಯಿತುರಿ ಸೇರಿಸಿದ ನನ್ಯರಿ ಆ ಹಬ್ಬದ ತಿಂಡಿ.

ಕ್ಲಾಸಿನ ಸುದ್ದಿ ಪ್ರಿನ್ಸಿಪಾಲರ ಕಿವಿಗೆ ಬಿತ್ತು. ಕರೆಸಿ ಕೇಳಿದರು, "ಹೆಣ್ಣುಮಕ್ಕಳು ಕೂತಿರುವ ಕ್ಲಾಸಿನಲ್ಲಿ ಅದನ್ನೆಲ್ಲ ಹೇಳಬೇಕಾ?"

"ಸರ್, ಹೆಣ್ಣುಮಕ್ಕಳಿಗೆ ಗೊತ್ತುಂಟು. ನಾನು ಹೇಳಿದ್ದು ಗಂಡುಮಕ್ಕಳಿಗೆ."

ಪ್ರಿನ್ಸಿಪಾಲರು ಒಳ್ಳೆಯವರು. ನಗು ತಡೆಯಲಾಗದೆ ಕರವಸ್ತ್ರದಲ್ಲಿ ಕೆಮ್ಮಿ, ಹೋಗಿ ಎಂದರು.

ಊಹೆ ಎಷ್ಟು ಚೆಂದ ಇದ್ದರೂ ಊಹೆಯೇ. ಇದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ದೂರದ ಊರುಗಳಲ್ಲಿದ್ದ ಪಂಡಿತರಿಗೆ ಬರೆದು ಬರೆದು ಸಾಕಾಗಿತ್ತು. ಬಂಟ್ವಾಳದ ಒಬ್ಬ ಪ್ರಾಣಿಶಾಸ್ತ್ರದ ಮೇಷ್ಟ್ರು ಮನುಷ್ಯಕುಲದ ಮೊದಲ ಮಾತು ಯಾವುದೆಂದು ಹೇಳಿದರೆ ಯಾರು ಕೇಳುತ್ತಾರೆ? ಅವರಿಗೆ ಬೇಕಾಗಿದ್ದದ್ದು ನೆಲದ ಒಳಗೆ, ಕೆದಕದ ಮಣ್ಣಿನಲ್ಲಿ, ಹಳೆಯ ಮನುಷ್ಯನ ಕಲ್ಲಿನ ಚೂರುಗಳ ಜೊತೆಗೇ ಇರುವ ತಿಕ್ಕಿದ ಕಾವಿಕಲ್ಲು. ಅದು ಸಿಕ್ಕಿದ್ದು ನಮ್ಮ ಮನೆಯ ಗುಡ್ಡೆಯಲ್ಲಿ.

ನಮ್ಮದು ಬೆಳುವಾಯಿ. ಗದ್ದೆ ದಾಟಿದರೆ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಒಂದು ಬೋಳು ಗುಡ್ಡೆ. ಕೀಟ ಹಿಡಿಯಲಿಕ್ಕೆಂದು ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದ ದಿನ, ಮಳೆನೀರು ಕೊರೆದ ಒಂದು ಕಣಿಯ ಬದಿಯಲ್ಲಿ ಸರ್ ಮೊಣಕಾಲೂರಿ ಕೂತುಬಿಟ್ಟರು. ಮಣ್ಣಿನ ಪದರದಲ್ಲಿ ಬಿಳಿ ಬೆಣಚುಕಲ್ಲಿನ ಚೂಪು ಚಕ್ಕೆಗಳು ಕಾಣುತ್ತಿದ್ದವು. ಅವುಗಳ ನಡುವೆ ಎರಡು ಕೆಂಪು ತುಂಡುಗಳು, ಒಂದು ಬದಿ ಸಾಬೂನು ಸವೆದ ಹಾಗೆ ಚಪ್ಪಟೆ. ನಮ್ಮ ಗುಡ್ಡೆಯ ಕಲ್ಲು ಕಂದು. ಆ ಕೆಂಪು ಅಲ್ಲಿಯದಲ್ಲ. "ಯಾರೋ ತಂದಿದ್ದಾರೆ ಟೀಚರ್, ಯಾರೋ ಹೊತ್ತುಕೊಂಡು ತಂದಿದ್ದಾರೆ" ಎಂದು ಪಿಸುಗುಟ್ಟಿದರು. ಕೈ ಹಾಕಲಿಲ್ಲ. ಮೇಲೆ ಸೋಗೆ ಮುಚ್ಚಿಸಿ, ಕಲ್ಲು ಹೇರಿಸಿ ಹೋದರು.

ನೀವೇ ಅಗೆದು ತೆಗೆಯಬಹುದಲ್ಲ ಎಂದರೆ ತಲೆ ಅಲ್ಲಾಡಿಸಿದರು. "ನಾನು ಅಗೆದರೆ ಅದು ಹೊಂಡ. ಬಲ್ಲವರು ಅಗೆದರೆ ಅದು ಸಾಕ್ಷಿ."

ಬಲ್ಲವರು ಬರಲಿಕ್ಕೆ ಒಪ್ಪಿದ್ದು ಮರುವರ್ಷ. ಉತ್ತರದ ಕಡೆಯ ದೊಡ್ಡ ಪುರಾತತ್ವ ವಿದ್ವಾಂಸರೊಬ್ಬರು ಮಂಗಳೂರಿಗೆ ಒಂದು ಸಭೆಗೆ ಬರುವವರಿದ್ದರು. ಎರಡು ದಿನ ಬಿಡುವು ಮಾಡಿಕೊಳ್ಳುತ್ತೇನೆ, ಸ್ಥಳ ತೋರಿಸಿ ಎಂದು ಕಾಲೇಜಿನ ಆಫೀಸಿಗೆ ಟ್ರಂಕ್ ಕಾಲ್ ಮಾಡಿದರು. ಸರ್ ಫೋನಿನಲ್ಲಿ "ಬನ್ನಿ, ಬನ್ನಿ" ಎಂದು ಕೂಗಿದ್ದು ಮೂರು ಕ್ಲಾಸಿಗೆ ಕೇಳಿಸಿತ್ತು. ಅವಸರಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ಜಾಗದ ವ್ಯವಹಾರ ಮಾವನ ಕೈಯಲ್ಲಿ, ಅಂದರೆ ಅಮ್ಮನ ತಮ್ಮನ ಕೈಯಲ್ಲಿ. ಅವರು ಆ ಗುಡ್ಡೆಯನ್ನು ಕಲ್ಲಿನ ಕೋರೆಗೆ ಕೊಟ್ಟು ಮಾತು ಮುಗಿಸಿದ್ದರು. ಮುಂದಿನ ವಾರ ಕಂಟ್ರಾಕ್ಟರನ ಜನ ಬರುವುದು. ಆ ಮೇಲೆ ಗುಡ್ಡೆಯೇ ಇಲ್ಲ.

ಆ ವಾರ ಸರ್ ನೆಲದ ಮೇಲೆ ನಡೆಯಲಿಲ್ಲ. ಹಿಟ್ಟಿನ ಗಿರಣಿಯಿಂದ ಜರಡಿ ಎರವಲು ತಂದರು. ಗೋಡೆಗೆ ಬಳಿಯುವ ಬ್ರಷ್ಷು, ಅಣ್ಣನ ಅಂಗಡಿಯ ಹುರಿಹಗ್ಗ, ಸಣ್ಣ ಪಿಕ್ಕಾಸಿ ಎಲ್ಲ ಸೇರಿಸಿ ನನ್ನ ಕೈಯಲ್ಲಿ ಬೆಳುವಾಯಿಗೆ ಕಳಿಸಿದರು. ಡಾಕ್ಟರೇಟು, ಹೆಸರು, ಅದನ್ನೆಲ್ಲ ಅವರು ಬಾಯಲ್ಲಿ ಹೇಳಿದವರಲ್ಲ. ಆದರೆ ಇಡೀ ಆಯುಷ್ಯ ಆ ಎರಡು ದಿನದ ಮೇಲೆ ನಿಂತಿದೆ ಎಂದು ನಮಗೆಲ್ಲ ಗೊತ್ತಿತ್ತು.

ನಾನು ಜರಡಿ ಹೊತ್ತುಕೊಂಡು ಮನೆಗೆ ಬಂದಾಗ ಅಮ್ಮ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು.

"ಅದೆಂಥದು?"

"ನಾಳೆ ಸರ್ ಬರ್ತಾರಲ್ಲ, ಗುಡ್ಡೆಯಲ್ಲಿ ಅಗೆಯಲಿಕ್ಕೆ."

ಅಮ್ಮ ಮೊರ ಕೆಳಗಿಟ್ಟಳು. "ನಾಳೆಯಿಂದ ಕೆಡ್ಡಸ ಅಲ್ಲವಾ?"

ಅಯ್ಯೋ ದೇವರೇ! ಪ್ರತಿ ವರ್ಷ ಕೆಡ್ಡಸದ ಮೇಲೆ ಗಂಟೆಗಟ್ಟಲೆ ಪಾಠ ಮಾಡುವ ಮನುಷ್ಯ, ತುಳು ತಿಂಗಳ ಲೆಕ್ಕವನ್ನು ಬೋರ್ಡಿನಲ್ಲಿ ಬರೆದು ತೋರಿಸುವ ಮನುಷ್ಯ, ಅದೇ ದಿನಕ್ಕೆ ಅಗೆತ ಇಟ್ಟುಕೊಂಡಿದ್ದರು. ಕೆಡ್ಡಸ ಅವರ ತಲೆಯಲ್ಲಿತ್ತು, ಅವರ ಅಡುಗೆಮನೆಯಲ್ಲಿ ಇರಲಿಲ್ಲ. ಮನೆಯಲ್ಲಿ ಅಕ್ಕಿ ಹುರಿಯುವವರಿಲ್ಲದ ಮೇಲೆ ಹಬ್ಬ ಬಂದದ್ದನ್ನು ಮೂಗಿಗೆ ಯಾರು ಹೇಳಬೇಕು?

ನಾನು ಅಮ್ಮನ ಹತ್ತಿರ ವಾದಕ್ಕೆ ನಿಂತೆ. "ಅವರು ಉಳುವುದಲ್ಲಮ್ಮ. ಬ್ರಷ್ಷಿನಲ್ಲಿ ಮೆಲ್ಲ ಕೆರೆಯುವುದು."

"ಮೆಲ್ಲ ಕೆರೆದರೆ ನೋವಾಗುವುದಿಲ್ಲ ಅಂತ ಯಾರು ಹೇಳಿದ್ದು ನಿನಗೆ?" ಎಂದಳು. ಸಿಟ್ಟಿನಲ್ಲಿ ಅಲ್ಲ. "ಬಂದವರಿಗೆ ಊಟ ಹಾಕ್ತೇನೆ. ಅಗೆಯುವುದು ಬೇಡ."

ಮಾವ ನನ್ನನ್ನು ಬದಿಗೆ ಕರೆದು, "ನೀನು ತಲೆಬಿಸಿ ಮಾಡಬೇಡ. ಅಕ್ಕನನ್ನು ನಾನು ಏನಾದರೂ ನೆಪ ಹೇಳಿ ನೆಂಟರ ಮನೆಗೆ ಕಳಿಸ್ತೇನೆ. ಕೋರೆಯವರೂ ಕೆಡ್ಡಸ ಕಳೆಯದೆ ಬರುವುದಿಲ್ಲ. ಗುಡ್ಡೆಯ ಆಚೆ ಬದಿಯಿಂದ ಹೋಗಿ ಅಗೆಯಿರಿ, ಯಾರಿಗೆ ಗೊತ್ತಾಗ್ತದೆ?" ಎಂದರು. ನನಗೆ ಜೀವ ಬಂದ ಹಾಗಾಯಿತು.

ಬೆಳಿಗ್ಗೆ ಅಂಬಾಸಿಡರ್ ಕಾರು ಬಂತು. ವಿದ್ವಾಂಸರು, ಅವರ ಶಿಷ್ಯ, ಮುಂದಿನ ಸೀಟಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿದ ಸರ್. ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ಬಂದವರು ತಟ್ಟನೆ ನಿಂತರು. ಒಳಗಿನಿಂದ ಅಕ್ಕಿ ಹುರಿಯುವ ಪರಿಮಳ ಬರುತ್ತಿತ್ತು. ಅವರ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ.

"ಟೀಚರ್, ಇವತ್ತು ಕೆಡ್ಡಸ."

"ಹೌದು ಸರ್. ಆದರೆ ಅಮ್ಮನನ್ನು ಈಗಲೇ ನೆಂಟರ ಮನೆಗೆ ಕಳಿಸಿ ಎಲ್ಲ ಸರಿ ಮಾಡ್ತೇನೆ ಅಂತ ಮಾವ ಅಂದಿದ್ದಾರೆ."

ಅವರು ಹಣೆಗೆ ಹೊಡೆದುಕೊಂಡರು. ಆಮೇಲೆ ಸೀದಾ ಅಡುಗೆಮನೆಯ ಹೊರಬಾಗಿಲಿಗೆ ಹೋಗಿ ನಿಂತು ತುಳುವಿನಲ್ಲಿ ಅಮ್ಮನನ್ನು ಕೇಳಿದರು, "ಅಕ್ಕಾ, ಇವತ್ತು ಅಗೆದರೆ ಏನಾಗ್ತದೆ?"

ಅಮ್ಮ ಸೌಟು ಹಿಡಿದುಕೊಂಡೇ ಬಂದಳು. "ಏನೂ ಆಗುವುದಿಲ್ಲ ಮಾಷ್ಟ್ರೇ. ಮಳೆ ಬರುವಾಗ ಬರ್ತದೆ, ಬೆಳೆ ಆಗುವಾಗ ಆಗ್ತದೆ. ಏನೋ ಆಗ್ತದೆ ಅಂತ ಹೆದರಿ ಬಿಡುವುದಲ್ಲ. ಅವಳು ಮಲಗಿದ್ದಾಳೆ, ಅದಕ್ಕೆ ಬಿಡುವುದು."

ಸರ್ ನನ್ನ ಕಡೆ ತಿರುಗಿದರು. ನಷ್ಟವಾದವರ ಮುಖವಲ್ಲ ಅದು. ಕಣ್ಣು ಹೊಳೆಯುತ್ತಿತ್ತು. "ಕೇಳಿದಿರಾ? ಏನೂ ಆಗುವುದಿಲ್ಲ ಅಂತ ಗೊತ್ತುಂಟು. ಆದರೂ ಬಿಡುವುದು. ಕೇಳಿದಿರಾ ನೀವು?"

ವಿದ್ವಾಂಸರಿಗೆ ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿದರು. ಅವರು ಸಭ್ಯರು, ಬೈಯಲಿಲ್ಲ. ನಾಳೆ ಸಂಜೆ ನಮ್ಮ ರೈಲು, ಮುಂದಿನ ವಾರ ಈ ಗುಡ್ಡೆ ಇರುವುದಿಲ್ಲವೆಂದು ನೀವೇ ಹೇಳಿದ್ದೀರಿ, ಮನೆಯ ಯಜಮಾನರು ಒಪ್ಪಿದ್ದಾರೆ, ಇನ್ನೇನು ಅಡ್ಡಿ ಎಂದು ಕೇಳಿದರು. ಮಾವನೂ ಹಿಂದೆ ನಿಂತು ತಲೆ ಆಡಿಸುತ್ತಿದ್ದರು. ಎಲ್ಲರೂ ಒಪ್ಪಿದ್ದಾರೆ, ಇವರೊಬ್ಬರು ಹೂಂ ಎಂದರೆ ಆಯಿತು. ನಾನು ಮನಸ್ಸಿನಲ್ಲೇ ಹೂಂ ಅನ್ನಿ, ಹೂಂ ಅನ್ನಿ ಎಂದು ಜಪ ಮಾಡುತ್ತಿದ್ದೆ.

"ಕೆಳಗೆ ಇರುವುದು ಯಾವಾಗಲೋ ನಿಂತು ಹೋದದ್ದು" ಎಂದರು ಸರ್. "ಅದೇ ಒಪ್ಪಿಗೆ ಮೇಲೆ ಇನ್ನೂ ನಡೀತಾ ಉಂಟು, ಈ ಮನೆಯಲ್ಲಿ, ಇವತ್ತು. ಇದನ್ನು ಮುರಿದು ಅದನ್ನು ತೆಗೆದರೆ ನನಗೆ ಏನು ಅರ್ಥ ಆದ ಹಾಗಾಯ್ತು? ಬೇಡ."

ಇಷ್ಟೇ. ಒಂದು ಹಾರೆಯ ಪೆಟ್ಟು ಬೀಳಲಿಲ್ಲ. ವಿದ್ವಾಂಸರು ಕಣಿಯ ಬದಿಗೆ ಹೋಗಿ, ಸೋಗೆ ಸರಿಸಿ, ಬಗ್ಗಿ ನೋಡಿದರು. ಆಸಕ್ತಿ ಹುಟ್ಟಿಸುತ್ತದೆ ಎಂದರು, ಫೋಟೋ ತೆಗೆದರು. ಹೊರಗಿನಿಂದ ನೋಡಿದ್ದು ಸಾಕ್ಷಿಯಾಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ಇವರಿಗೂ ಗೊತ್ತಿತ್ತು. ಊಟ ಮಾಡಿ, ನನ್ಯರಿ ತಿಂದು ಹೊರಟುಹೋದರು. ಮತ್ತೆ ಬರಲಿಲ್ಲ.

ಕೆಡ್ಡಸ ಕಳೆದ ಮರುದಿನವೇ ಕೋರೆಯವರು ಬಂದರು. ಒಂದು ವಾರ ತಡೆಯಲು ಮಾವನನ್ನು ಗೋಗರೆದೆ. ಮಾತು ಕೊಟ್ಟಾಗಿದೆ ಎಂದರು. ಸರ್ ಭಾನುವಾರ ಬಂದು ಕಡಿದು ಬಿದ್ದ ರಾಶಿಯಲ್ಲಿ ಹುಡುಕಿ ಕೆಂಪು ತುಂಡು ಕೆಲವನ್ನು ಆರಿಸಿಕೊಂಡರು. ಎಲ್ಲಿ, ಯಾವ ಪದರದಲ್ಲಿತ್ತೆಂದು ಗೊತ್ತಿಲ್ಲದ ಕಲ್ಲು ಬರೀ ಕಲ್ಲು. ಅದರಲ್ಲಿ ಒಂದು ಅವರ ಮೇಜಿನ ಮೇಲೆ ಕಾಗದ ಹಾರದ ಹಾಗೆ ಇಡುವುದಕ್ಕೆ ಉಳಿಯಿತು. ಗುಡ್ಡೆಯ ಕಲ್ಲೆಲ್ಲ ಲಾರಿಯಲ್ಲಿ ಮಿಜಾರಿನ ಕಡೆ ಕಟ್ಟುತ್ತಿದ್ದ ಮನೆಗಳಿಗೆ ಹೋಯಿತು. ಆ ದಾರಿಯಲ್ಲಿ ಬಸ್ಸು ಹೋಗುವಾಗ ಸರ್ ಕಿಟಕಿಯಿಂದ ತೋರಿಸಿ, "ನನ್ನ ಥೀಸಿಸ್ಸಿಗೆ ಗಾರೆ ಹಾಕಿದ್ದಾರೆ ನೋಡಿ" ಎನ್ನುತ್ತಿದ್ದರು. ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಅಮ್ಮನ ಮೇಲಂತೂ ವಿಪರೀತ. ಅಮ್ಮ ನೆಲಕ್ಕೆ ಎಣ್ಣೆ ಬಿಡುವ ಹೊತ್ತಿಗೆ ಮೊದಲೆಲ್ಲ ಪಕ್ಕದಲ್ಲಿ ಕೂರುತ್ತಿದ್ದವಳು ಆ ವರ್ಷದಿಂದ ಕೂರುವುದನ್ನು ಬಿಟ್ಟೆ. ಅಮ್ಮ ಕರೆಯಲಿಲ್ಲ. ಆದರೆ ಮರುವರ್ಷ ಕೆಡ್ಡಸಕ್ಕೆ ಒಂದು ಸ್ಟೀಲಿನ ಡಬ್ಬಿಯಲ್ಲಿ ನನ್ಯರಿ ತುಂಬಿಸಿ, "ಮಾಷ್ಟ್ರಿಗೆ" ಎಂದು ನನ್ನ ಚೀಲದಲ್ಲಿಟ್ಟಳು. ಅದರ ಮರುವರ್ಷವೂ ಇಟ್ಟಳು. ಹಾಗೇ ನಡೆದುಹೋಯಿತು. ಸರ್ ಆ ಡಬ್ಬಿಯನ್ನು ಸ್ಟಾಫ್ ರೂಮಿನ ಮೇಜಿನ ನಡುವೆ ಇಟ್ಟು, ಕನ್ನಡ ಪಂಡಿತರಿಗೆ ಮೊದಲ ಚಮಚ ಕೊಟ್ಟು, ಡಬ್ಬಿಯನ್ನು ತಾವೇ ತೊಳೆದು ವಾಪಸ್ ಕೊಡುತ್ತಿದ್ದರು. ಖಾಲಿ ಕೊಡಬಾರದೆಂದು ಅದರಲ್ಲಿ ಅಣ್ಣನ ಅಂಗಡಿಯ ಒಂದು ಅಚ್ಚು ಬೆಲ್ಲ ಇರುತ್ತಿತ್ತು. ಮುಂದಿನ ಕೆಡ್ಡಸದ ನನ್ಯರಿಗೆ ಅಮ್ಮ ಅದೇ ಬೆಲ್ಲ ಹಾಕುತ್ತಿದ್ದಳು.

ಡಾಕ್ಟರೇಟು ಬರಲಿಲ್ಲ. ಲೆಕ್ಚರರಾಗಿ ಸೇರಿದವರು ಲೆಕ್ಚರರಾಗಿಯೇ ಇದ್ದರು. ಅವರಿಗಿಂತ ಕಿರಿಯರು ಮೇಲೆ ಹೋದರು. ಅವರ ಪಾಠ ಮಾತ್ರ ಹಾಗೇ ಇತ್ತು. ಮೇಜಿನ ಮೇಲಿನ ಕೆಂಪು ಕಲ್ಲು ಎತ್ತಿ ತೋರಿಸಿ ಹುಡುಗರಿಗೆ ಹೇಳುತ್ತಿದ್ದರು, "ಇದು ಏನೂ ಅಲ್ಲ. ಏನೋ ಆಗಬಹುದಿತ್ತು. ವಿಜ್ಞಾನದಲ್ಲಿ ಎರಡಕ್ಕೂ ತುಂಬ ದೂರ ಉಂಟು, ಬರಕೊಳ್ಳಿ." ಎಷ್ಟೋ ವರ್ಷದ ಮೇಲೆ, ಹೊರದೇಶದ ಕೆಲವರು ಕೆಂಪು, ಹೆಂಗಸರು, ಬೇಟೆ ಎಂದು ಹೆಚ್ಚುಕಮ್ಮಿ ಇದನ್ನೇ ಬರೆದದ್ದನ್ನು ಓದಿದೆ. ಇವರಿದ್ದಿದ್ದರೆ ಕುಣಿಯುತ್ತಿದ್ದರು.

ಎಂಬತ್ತರ ದಶಕದ ಕೊನೆ. ನಾನು ಡಬ್ಬಿ ಹಿಡಿದುಕೊಂಡು ಕಾಲೇಜಿನ ಮೆಟ್ಟಿಲು ಹತ್ತುವಾಗ ಅಟೆಂಡರ್ ಎದುರು ಬಂದ. ಗೋಡೆಗೆ ಗೀಚಿದ್ದಕ್ಕೆ ವರ್ಷವರ್ಷ ಬೈಯುತ್ತಿದ್ದವನೇ. "ಕಾವಿ ಸರ್ ಹೋದರು ಟೀಚರ್, ಬೆಳಿಗ್ಗೆ. ಎದೆನೋವು" ಎಂದು ಅಲ್ಲೇ ಕೂತು ಅತ್ತುಬಿಟ್ಟ. ನಿವೃತ್ತಿಗೆ ಇನ್ನೂ ಸಮಯ ಇತ್ತು. ಆ ದಿನ ನಡು ಕೆಡ್ಡಸ.

ಹೋಗುವುದಾದರೆ ಬೇರೆ ದಿನ ಸಿಗಲಿಲ್ಲವಾ ಇವರಿಗೆ ಎಂದು ಬಸ್ಸಿನುದ್ದಕ್ಕೂ ನನಗೆ ಸಿಟ್ಟು. ಬಂಟ್ವಾಳ ತಲುಪಿದಾಗ ಮಧ್ಯಾಹ್ನದ ನಮಾಜು ಮುಗಿದು, ಮಸೀದಿಯ ಆವರಣದಲ್ಲಿ ಮಣ್ಣು ಮಾಡಿ ಗಂಡಸರು ಹಿಂದಿರುಗುತ್ತಿದ್ದರು. ಅಣ್ಣನ ಕೈಬೆರಳುಗಳಲ್ಲಿ ಕೆಮ್ಮಣ್ಣು ಹಾಗೇ ಇತ್ತು. ಹಿಡಿ ಮಣ್ಣು ಹಾಕಿ ಬಂದ ಕೈ. ಅವರು ನನ್ನನ್ನು ನೋಡಿದರು, ಡಬ್ಬಿಯನ್ನು ನೋಡಿದರು. ನಾನು ಅದನ್ನು ಮುಚ್ಚಿಡಲು ಹೋದೆ.

"ಕೊಡಿ ಟೀಚರೇ" ಎಂದರು. "ಇವತ್ತು ನಮ್ಮ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಹೊರಗಿನಿಂದ ಬಂದದ್ದೇ ತಿನ್ನುವುದು." ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ನನ್ನ ತಮ್ಮನಿಗೆ ಮಣ್ಣು ಸಿಕ್ಕಿತು" ಎಂದು ಒಳಗೆ ಹೋದರು. ನಾನು ಅಂಗಡಿಯ ಗೋಡೆಯ ಕಾವಿಗೆರೆಯ ಕೆಳಗೆ ನಿಂತು ಅತ್ತೆ. ಯಾರು ನೋಡಿದರೂ ಪರವಾಗಿಲ್ಲ ಎಂದು ಜೋರಾಗಿಯೇ ಅತ್ತೆ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಒಂದೇ ಪ್ರಶ್ನೆ ಕೇಳಿದಳು. "ಅವರಲ್ಲಿ ಸುಡುವುದಲ್ಲ, ಹೂಳುವುದು ಅಲ್ಲವಾ?" ಹೌದೆಂದೆ.

ಮರುದಿನ ಕಡೆಯ ಕೆಡ್ಡಸ. ಅಮ್ಮ ಅಂಗಳ ಗುಡಿಸಿ ಸಾರಿಸಿ, ಅರಸಿನ, ಕುಂಕುಮ, ಬಾಚಣಿಗೆ ಇಟ್ಟು ನೆಲಕ್ಕೆ ಎಣ್ಣೆ ಬಿಟ್ಟಳು. ನಾನು ಜಗಲಿಯ ಕಂಬಕ್ಕೆ ಒರಗಿ ನೋಡುತ್ತಿದ್ದೆ. ಮುಗಿಸಿ ಏಳುತ್ತಾಳೆ ಎಂದುಕೊಂಡರೆ ಏಳಲಿಲ್ಲ. ಪಕ್ಕದಲ್ಲಿ ಇನ್ನೊಂದು ಕಡೆ ಅಂಗೈಯಲ್ಲಿ ನೆಲ ಒರೆಸಿ, ಅಲ್ಲಿಗೂ ಎಣ್ಣೆ ಬಿಡತೊಡಗಿದಳು.

"ಅದು ಯಾಕಮ್ಮ?"

"ನಿನ್ನೆ ಬಂಟ್ವಾಳದಲ್ಲಿ ಅಗೆದಿದ್ದಾರಲ್ಲ ಮಗಾ. ಅದೂ ಇದೇ ಭೂಮಿ." ಅಮ್ಮ ಬಟ್ಟಲನ್ನು ಇನ್ನಷ್ಟು ಬಗ್ಗಿಸಿದಳು. "ಒಂದು ಪೆಟ್ಟು ಹಾಕದೆ ಹಿಂದೆ ಹೋದವರು ಅವರು. ಅವರ ಹೆಸರಲ್ಲಿ ಅವಳಿಗೆ ನೋವಾಗಬಾರದು."

ನಾನು ಅಂಗಳಕ್ಕೆ ಇಳಿದು ಅಮ್ಮನ ಪಕ್ಕದಲ್ಲಿ ಕೂತೆ. ಎಣ್ಣೆಯ ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡು, ಉಳಿದದ್ದನ್ನು ನಾನೇ ಬಿಟ್ಟೆ.